ಬಟ್ಟೆಯ ಮೇಲೆ ಹಚ್ಚಿದ ಬೆಳಕು

ತೊಡೆ. ಮೊದಲು ಈ ಶಬ್ದ ಹೇಳಿ ಮುಗಿಸುತ್ತೇನೆ. ಯಾಕೆಂದರೆ ನಾನು ಹೇಳಹೊರಟಿರುವ ಆ ದಿನ ಅಲ್ಲಿ ಸೇರಿದ್ದ ದೊಡ್ಡವರಲ್ಲಿ ಒಬ್ಬರಾದರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. "ಅಲ್ಲಿ" ಅಂದರು. "ಆ ಜಾಗ" ಅಂದರು. ಒಬ್ಬರು "ಮೊಣಕಾಲಿಂದ ಸ್ವಲ್ಪ ಈಚೆ" ಅಂದು ಕೆಮ್ಮಿದರು. ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ನಾನು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಇಷ್ಟು ವರ್ಷವಾದರೂ ಸಿಟ್ಟು ಇಳಿದಿಲ್ಲ. ಇಳಿಯಬೇಕು ಅಂತ ನನಗೆ ಅನ್ನಿಸಿಯೂ ಇಲ್ಲ. ಈಗ ಶಿರಸಿಯಲ್ಲಿ ಹುಡುಗಿಯರಿಗೆ ಭಾರ ಎತ್ತುವುದನ್ನು ಕಲಿಸುತ್ತೇನೆ. ನನ್ನ ತರಬೇತಿಯ ಹಾಲಿಗೆ ಯಾರೋ ಪರಿಚಯದವರು ಮೊನ್ನೆ ಒಂದು ಯಂತ್ರ ತಂದಿದ್ದರು. ಬೆಂಕಿಪೆಟ್ಟಿಗೆಯಷ್ಟೇ ಚಿಕ್ಕದು, ಕಾಲಿಗೆ ಕಟ್ಟಿಕೊಂಡು ಭಾರ ಎತ್ತಿದರೆ ಮಾಂಸಖಂಡದಲ್ಲಿ ಆಮ್ಲಜನಕ ಎಷ್ಟು ಉಳಿಯಿತು ಎಂದು ಬೆಳಕಿನಿಂದಲೇ ನೋಡಿ ಫೋನಿಗೆ ಕಳಿಸುತ್ತದೆ. ಒಬ್ಬ ಹುಡುಗಿಯ ತಾಯಿ ಮೆತ್ತಗೆ ಕೇಳಿದರು, "ಮೇಡಂ, ಪ್ಯಾಂಟಿನ ಮೇಲೇ ಕಟ್ಟಿದ್ರೆ ಆಗ್ತಿಲ್ಯ?" ಪಾಪದ ಹೆಂಗಸು. ಅವರ ಮೇಲೆ ನಾನು ಕೂಗಾಡಿದ್ದು ನೋಡಿ ಹಾಲಿನಲ್ಲಿದ್ದವರೆಲ್ಲ ಬಾರ್ ಕೆಳಗಿಟ್ಟು ನಿಂತುಬಿಟ್ಟರು. ಅವರಿಗೆ ಏನು ಗೊತ್ತು, ನಾನು ಕೂಗಿದ್ದು ಅವರಿಗಲ್ಲ ಎಂದು.

ನಮ್ಮದು ಯಲ್ಲಾಪುರದ ಹತ್ತಿರ ನಂದೊಳ್ಳಿ. ಅಪ್ಪ ತೀರಿಕೊಂಡಿದ್ದ. ಅವ್ವನಿಗೆ ಸ್ವಂತದ್ದು ಚೂರು ಗದ್ದೆ, ಉಳಿದದ್ದು ಬೇರೆಯವರ ಗದ್ದೆಯ ಕೆಲಸ. ನಾನು ಯಲ್ಲಾಪುರದಲ್ಲಿ ಪಿಯುಸಿ ಓದುತ್ತಿದ್ದೆ. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಕಾಲೇಜಿನ ಹಿಂದೆ ಒಂದು ಹಳೇ ಗೋದಾಮಿತ್ತು. ಅದರಲ್ಲಿ ಡ್ರಿಲ್ ಮಾಸ್ತರು ಒಂದು ಬಾರ್, ತುಕ್ಕು ಹಿಡಿದ ಪ್ಲೇಟುಗಳು, ಮರದ ನಾಟಾ ಸಾಗಿಸುವ ಲಾರಿಯವರು ಎಸೆದುಹೋದ ಹಲಗೆಗಳನ್ನು ಜೋಡಿಸಿ ಭಾರ ಎತ್ತುವುದಕ್ಕೆ ಒಂದು ಜಾಗ ಮಾಡಿದ್ದರು. ಮಾಸ್ತರು ಹಾವೇರಿ ಕಡೆಯವರು. ಕಲಿಸುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಆಮೇಲೂ ಕಾಣಲಿಲ್ಲ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಹುಡುಗಿಯರಿಗೆ ಕಲಿಸುವಾಗ ಅವರು ಗೋಡೆ ನೋಡಿಕೊಂಡು ಮಾತಾಡುತ್ತಿದ್ದರು. ಹೆಗಲಿಗೆ ಬಾರ್ ಇಟ್ಟು ಕೂತು ಏಳುವುದೇ ನಮ್ಮ ಮುಖ್ಯ ಅಭ್ಯಾಸ. ಆ ಕೆಲಸವೆಲ್ಲ ತೊಡೆಯದು. ಅದನ್ನು ಅವರು "ಕೆಳಗಿಂದ ಬಲ ಹಾಕು ತಂಗಿ, ಕೆಳಗಿಂದ" ಎಂದು ಸೂಚಿಸುತ್ತಿದ್ದರು. ಎಷ್ಟು ಕೆಳಗಿಂದ ಎಂದು ಕೇಳುವ ಹಾಗಿರಲಿಲ್ಲ.

ನನಗೆ ಅದು ಬರುತ್ತಿತ್ತು. ಯಾರೂ ಹೇಳಿಕೊಡದೆ ಬರುತ್ತಿತ್ತು. ಸಣ್ಣವಳಿದ್ದಾಗಿನಿಂದ ಮಳೆಗಾಲದಲ್ಲಿ ಗದ್ದೆಗಿಳಿದು ಭತ್ತದ ಸಸಿ ನಟ್ಟಿ ಮಾಡಿದ ಕಾಲು, ಕೆಸರಿನಿಂದ ಹೆಜ್ಜೆ ಕಿತ್ತು ಕಿತ್ತು ಬಲಿತ ಕಾಲು. ಮೊದಲ ದಿನ ನಾನು ಬಾರ್ ಹೊತ್ತು ಕೂತು ಎದ್ದಾಗ ಮಾಸ್ತರು ಗೋಡೆ ಬಿಟ್ಟು ನನ್ನ ಕಡೆ ನೋಡಿದರು. "ಏ ತಂಗಿ, ಇದಕ ಮೊದಲ ಎಲ್ಲೆರ ಮಾಡಿದ್ದೇನ?" ಅಂದರು. ಇಲ್ಲ ಸರ್ ಅಂದೆ. ಅಂದಿನಿಂದ ಕಾಲೇಜು ಬಿಟ್ಟ ಮೇಲೆ ಬಸ್ಸು ಬರುವವರೆಗೆ ನಾನು ಗೋದಾಮಿನಲ್ಲೇ ಇರುತ್ತಿದ್ದೆ. ಹಳ್ಳಿಯಲ್ಲಿ ಹೆಂಗಸರು "ನಿನ್ನ ಮಗಳು ಹಮಾಲಿ ಕಲೀತಿದಾಳಂತೆ" ಎಂದು ಅವ್ವನನ್ನು ಛೇಡಿಸುತ್ತಿದ್ದರು. ಅವ್ವ "ಕಲೀಲಿ ಬಿಡಿ, ನಂಗೊಂದು ಹೊರೆ ಕಮ್ಮಿ ಆತು" ಅನ್ನುತ್ತಿದ್ದಳು.

ಎರಡನೇ ವರ್ಷದ ಮಳೆಗಾಲದಲ್ಲಿ ಆಯ್ಕೆಯ ಸುದ್ದಿ ಬಂತು. ದೂರದ ಊರೊಂದರಲ್ಲಿ ಭಾರ ಎತ್ತುವವರಿಗಾಗಿಯೇ ಹಾಸ್ಟೆಲು. ಊಟ, ವಸತಿ, ಓದು ಎಲ್ಲ ಅವರದೇ. ನಮ್ಮ ಮೂರು ತಾಲೂಕು ಸೇರಿ ಹುಡುಗರಿಗೆ ಕೆಲವು ಸೀಟು, ಹುಡುಗಿಯರಿಗೆ ಒಂದೇ ಒಂದು. ಶಿರಸಿಯಿಂದಾಗಲಿ ಸಿದ್ದಾಪುರದಿಂದಾಗಲಿ ಒಬ್ಬ ಹುಡುಗಿಯೂ ಹೆಸರು ಕೊಟ್ಟಿರಲಿಲ್ಲ, ನಮ್ಮಲ್ಲೂ ಕೊಟ್ಟವಳು ನಾನೊಬ್ಬಳೇ. ಅಂದರೆ ಆ ಸೀಟು ನನ್ನದೇ ಎಂದು ಮಾಸ್ತರು ಮೊದಲೇ ಹೇಳಿಬಿಟ್ಟಿದ್ದರು. ಪಿಯುಸಿ ಮುಗಿದ ಮೇಲೆ ನನ್ನನ್ನು ಮುಂದೆ ಓದಿಸುವ ಶಕ್ತಿ ಅವ್ವನಿಗಿರಲಿಲ್ಲ. ಹಾಸ್ಟೆಲು ಸಿಕ್ಕಿದರೆ ಓದು ಮತ್ತು ಬಾರ್ ಎರಡೂ ಉಳಿಯುತ್ತಿದ್ದವು. ಸಿಗದಿದ್ದರೆ ಗದ್ದೆ, ಆಮೇಲೆ ಮದುವೆ. ನಾನು ಎಷ್ಟು ಆಸೆಪಟ್ಟಿದ್ದೆ ಎಂದರೆ, ಬಸ್ಸಿನಲ್ಲಿ ನಿಂತುಕೊಂಡೇ ಆ ಊರಿನ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಆಯ್ಕೆಯ ದಿನ ಸಮಿತಿಯವರನ್ನು ಹೊತ್ತು ನಮ್ಮ ಗೋದಾಮಿಗೇ ಒಂದು ಜೀಪು ಬಂತು. ಜೊತೆಗೆ ಯಂತ್ರದವರು ಒಬ್ಬರು. ಬೆಂಗಳೂರು ಕಡೆಯ ಮಾತು, ಇಸ್ತ್ರಿ ಅಂಗಿ, ಎಲ್ಲರಿಗೂ ನಮಸ್ಕಾರ. ಸೂಟ್‌ಕೇಸಿನಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಕರಿ ವಯರು, ವಯರಿನ ತುದಿಗೆ ಅಂಗೈಯಷ್ಟು ಒಂದು ಪಟ್ಟಿ. ಪಟ್ಟಿಯ ಒಳಮೈಯಲ್ಲಿ ಒಂದು ತುದಿಗೆ ಬೆಳಕು ಬಿಡುವ ಚುಕ್ಕೆಗಳು, ಇನ್ನೊಂದು ತುದಿಗೆ ಬೆಳಕು ಹಿಡಿಯುವ ಕಣ್ಣು. ಆ ಬೆಳಕು ಕೆಂಪಿಗಿಂತ ಆಚೆಯದು, ನಮಗೆ ಕಾಣುವುದಿಲ್ಲ. ಅದು ಚರ್ಮ ದಾಟಿ ಮಾಂಸಖಂಡದೊಳಗೆ ಹೋಗಿ, ಸುತ್ತಾಡಿ, ಸ್ವಲ್ಪ ಭಾಗ ಮಾತ್ರ ವಾಪಸು ಬರುತ್ತದೆ. ಆಮ್ಲಜನಕ ತುಂಬಿದ ರಕ್ತ ಒಂದು ನಮೂನೆಯಲ್ಲಿ ಬೆಳಕು ಹೀರುತ್ತದೆ, ಆಮ್ಲಜನಕ ಕೊಟ್ಟು ಬರಿದಾದ ರಕ್ತ ಇನ್ನೊಂದು ನಮೂನೆಯಲ್ಲಿ. ವಾಪಸು ಬಂದ ಬೆಳಕನ್ನು ನೋಡಿ ಒಳಗೆ ಎಷ್ಟು ಉಳಿದಿದೆ ಎಂದು ಯಂತ್ರ ಲೆಕ್ಕ ಹಾಕಿ ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಇದನ್ನೆಲ್ಲ ಅವರು ನಮಗೆ ಚೆನ್ನಾಗಿಯೇ ವಿವರಿಸಿದರು. ಸೂಜಿ ಇಲ್ಲ, ರಕ್ತ ತೆಗೆಯುವುದಿಲ್ಲ, ನೋವಿಲ್ಲ ಅಂದರು.

ಭಾರ ಎತ್ತುವಾಗ ಮಾಂಸಖಂಡ ಬಿಗಿಯುತ್ತದೆ, ಇದ್ದ ಆಮ್ಲಜನಕ ಖರ್ಚಾಗುತ್ತದೆ, ಗೆರೆ ಇಳಿಯುತ್ತದೆ. ಬಾರ್ ಇಟ್ಟು ಸುಧಾರಿಸಿಕೊಂಡರೆ ಹತ್ತುತ್ತದೆ. ಎಷ್ಟು ಆಳಕ್ಕೆ ಇಳಿಯಿತು, ಎಷ್ಟು ಬೇಗ ಹತ್ತಿತು ಎನ್ನುವುದರಿಂದ ಯಾರ ಕಾಲು ಕಠಿಣ ತರಬೇತಿ ತಡೆಯುತ್ತದೆ ಎಂದು ಅಂದಾಜು ಮಾಡಬಹುದಂತೆ. ಅವರು ಬಂದದ್ದು ಬರೀ ಅಧ್ಯಯನಕ್ಕೆ. ಆದರೆ ಆಯ್ಕೆ ಸಮಿತಿಯವರಿಗೆ ಯಂತ್ರ ಕಂಡು ಹಬ್ಬವಾಯಿತು. ವಶೀಲಿ ಅಂತ ಯಾರೂ ಬೊಟ್ಟು ತೋರಿಸುವ ಹಾಗಿಲ್ಲ, ಯಂತ್ರ ಹೇಳಿದ್ದೇ ಹೇಳಿದ್ದು ಎಂದು ತೀರ್ಮಾನ ಮಾಡಿಬಿಟ್ಟರು.

ಸಮಿತಿಯ ಅಧ್ಯಕ್ಷರು ನಮ್ಮೂರಿನವರೇ. ಅಡಿಕೆ ತೋಟ, ಅದರ ಕೆಳಗೆ ದೊಡ್ಡ ಗದ್ದೆ. ಆ ಗದ್ದೆಯ ನಟ್ಟಿ ಮಾಡುವವರು ನಾವೇ, ಅವ್ವ, ನಾನು, ನಮ್ಮ ಕೇರಿಯ ಹೆಂಗಸರು. ನಾವು ಅವರನ್ನು ಒಡೆಯಾ ಎಂದೇ ಕರೆಯುವುದು. ಕೆಟ್ಟವರಲ್ಲ. ಕಾಲೇಜಿಗೆ ಬೆಂಚು ಕೊಡಿಸಿದವರು, ಅಪ್ಪ ಸತ್ತಾಗ ಮನೆಗೆ ಬಂದು ಕೂತವರು. ಆ ದಿನವೂ ಅವರ ಗದ್ದೆಯ ನಟ್ಟಿ ನಡೆದಿತ್ತು. ಹುಡುಗಿಯ ಜೊತೆ ಮನೆಯವರೊಬ್ಬರು ಇರಬೇಕು ಎಂದು ಮಾಸ್ತರು ಹೇಳಿದ್ದಕ್ಕೆ ಅವ್ವ ಬಂದಿದ್ದಳು. ಆಯ್ಕೆ ಮುಗಿಸಿ ಬಸ್ಸು ಇಳಿದವರೇ ಗದ್ದೆಗೆ ಇಳಿಯುವುದು ಎಂದು ನಮ್ಮಿಬ್ಬರ ನಟ್ಟಿಯ ಹಳೇ ಸೀರೆಗಳನ್ನು ಚೀಲದಲ್ಲಿ ತುರುಕಿ ತಂದಿದ್ದಳು. ಒಡೆಯರೇ ಅದನ್ನು ನೋಡಿ "ಅಡ್ಡಿಲ್ಲೆ, ಮುಗಿಸ್ಕಂಡೇ ಬಾ" ಅಂದಿದ್ದರು.

ಹುಡುಗರೆಲ್ಲ ಚಡ್ಡಿಯಲ್ಲಿದ್ದರು. ಪಟ್ಟಿಯನ್ನು ತೊಡೆಗೆ ಅಂಟಿಸಿ, ಹೊರಗಿನ ಬೆಳಕು ನುಗ್ಗದಂತೆ ಮೇಲಿಂದ ಕರಿ ಬಟ್ಟೆ ಸುತ್ತಿ ಬಿಗಿದು, ಬಾರ್ ಕೊಡುತ್ತಿದ್ದರು. ಪರದೆಯ ಮೇಲಿನ ಗೆರೆ ಅರಬೈಲ್ ಘಾಟಿಯ ಹಾಗೆ ಇಳಿಯುತ್ತ ಹೋಗಿ, ಆಮೇಲೆ ಹತ್ತುತ್ತಿತ್ತು. ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೆವು. ಎಂಥ ಚಂದ ಅನ್ನಿಸಿತ್ತು ನನಗೆ. ನನ್ನೊಳಗೆ ನಡೆಯುವುದನ್ನು ನಾನೇ ಕಣ್ಣಾರೆ ನೋಡಬಹುದಲ್ಲ ಎಂದು ಮೈ ಜುಂ ಅಂದಿತ್ತು.

ನನ್ನ ಸರದಿ ಬಂತು. ನಾನು ಕರಿಯ ದಪ್ಪ ಟ್ರ್ಯಾಕ್ ಪ್ಯಾಂಟು ಹಾಕಿದ್ದೆ. ಹುಡುಗಿಯರಿಗೆ ಚಡ್ಡಿ ಇಲ್ಲ ಎಂಬುದು ನಮ್ಮಲ್ಲಿ ಯಾರೂ ಹೇಳದೆ ನಡೆಯುತ್ತಿದ್ದ ನಿಯಮ. ಯಂತ್ರದವರು ಪಟ್ಟಿ ಹಿಡಿದುಕೊಂಡು ಬಂದು ನಿಂತರು. ನನ್ನನ್ನು ನೋಡಲಿಲ್ಲ, ಮಾಸ್ತರನ್ನು ನೋಡಿದರು.

"ಸರ್, ಇದು... ಡೈರೆಕ್ಟಾಗಿ ಹಾಕಿದ್ರೆ ಒಳ್ಳೇದು."

ಮಾಸ್ತರು ಗೋಡೆ ನೋಡಿದರು. "ಹೆಣ್ಣುಮಕ್ಕಳದು ಹಂಗ ಆಗಂಗಿಲ್ರಿ ಸರ. ಅರಿವಿ ಮ್ಯಾಲೇ ಹಚ್ಚರಿ. ಹೆಂಗೂ ನೀವು ಅರಿವಿ ಸುತ್ತೇ ಸುತ್ತತೀರಲ್ಲ."

ಅಧ್ಯಕ್ಷರು ಕುರ್ಚಿಯಿಂದಲೇ "ಹೌದು ಹೌದು, ಆ ಜಾಗಕ್ಕೆಲ್ಲ... ಮೇಲಿಂದಲೇ ಮಾಡಿ" ಅಂದರು. ಅವ್ವ ಸೆರಗು ಬಾಯಿಗೆ ಹಿಡಿದು, "ಬಟ್ಟೆ ಮೇಲೇ ಇರ್ಲಿ, ಬಟ್ಟೆ ಮೇಲೇ ಇರ್ಲಿ" ಅಂದಳು.

ಯಂತ್ರದವರು ನಕ್ಕರು. ಎಂಥ ನಗೆ ಅದು! ಯಾರ ಮನಸ್ಸನ್ನೂ ನೋಯಿಸಬಾರದು ಎನ್ನುವ ನಗೆ. "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ" ಅಂದರು. ಅವರಿಗೆ ಗೊತ್ತಿತ್ತು. ಬೆಳಕಿನ ವಿದ್ಯೆ ಓದಿದ ಮನುಷ್ಯನಿಗೆ ಕರಿ ಬಟ್ಟೆ ಬೆಳಕನ್ನು ನುಂಗುತ್ತದೆ ಎಂದು ಗೊತ್ತಿರದೆ ಇರುತ್ತದೆಯೇ? ಮಾಸ್ತರಿಗೆ ಗೊತ್ತಿರಲಿಲ್ಲ, ಅವ್ವನಿಗೆ ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಸಭ್ಯರಾದರು. ಆ ಸಭ್ಯತೆಗಿಷ್ಟು ಬೆಂಕಿ ಹಾಕ! ಒರಟಾಗಿ "ಆಗಲ್ಲ, ಬಟ್ಟೆ ತೆಗಿಸಿ" ಎಂದು ಬೈದಿದ್ದರೆ ಇವತ್ತಿಗೂ ಅವರನ್ನು ನೆನೆದು ಕೈಮುಗಿಯುತ್ತಿದ್ದೆ.

ಪಟ್ಟಿಯನ್ನು ಪ್ಯಾಂಟಿನ ಮೇಲೆ ಇಟ್ಟರು, ಮೇಲಿಂದ ಕರಿ ಬಟ್ಟೆ ಸುತ್ತಿದರು. ನಾನು ಬಾರ್ ಹೊತ್ತೆ. ಕೂತೆ, ಎದ್ದೆ, ಕೂತೆ, ಎದ್ದೆ. ಆ ದಿನ ಹುಡುಗರಲ್ಲಿ ಅರ್ಧದಷ್ಟು ಜನ ಎತ್ತದ ಭಾರ ಅದು. ಕೊನೆಕೊನೆಗೆ ತೊಡೆ ಉರಿದು ಕೆಂಡವಾಗಿತ್ತು. ಬಾರ್ ಇಟ್ಟು ತಿರುಗಿ ನೋಡಿದರೆ ಪರದೆಯ ಮೇಲೆ ಗೆರೆ ಸಪಾಟು. ಮುಂಡಗೋಡದ ಕಡೆಯ ರಸ್ತೆಯಂತೆ ಸಪಾಟು. ಏನೂ ಇಳಿದಿರಲಿಲ್ಲ, ಏನೂ ಹತ್ತಿರಲಿಲ್ಲ.

"ರೀಡಿಂಗ್ ಸರಿಯಾಗಿ ಬಂದಿಲ್ಲ" ಎಂದು ಯಂತ್ರದವರು ಮೆತ್ತಗೆ ಹೇಳಿದರು. ಅಷ್ಟೇ. ಯಾಕೆ ಬಂದಿಲ್ಲ ಎಂದು ಹೇಳಲಿಲ್ಲ. ಅದನ್ನು ಅಧ್ಯಕ್ಷರು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. "ಅಂದ್ರೆ ಕಾಲು ಕೆಲಸ ಮಾಡ್ಲಿಲ್ಲ. ಎಲ್ಲ ಬೆನ್ನಿಂದಲೇ ಎತ್ತುತ್ತಾ ಇದಾಳೆ. ನಾಳೆ ಬೆನ್ನು ಹೋದ್ರೆ ಜವಾಬ್ದಾರಿ ಯಾರದು?" ಪಕ್ಕದವರು ತಲೆ ಆಡಿಸಿದರು. ಯಂತ್ರದವರು ಮುಂದಿನ ಹುಡುಗನ ಹೆಸರು ಬರೆದುಕೊಳ್ಳತೊಡಗಿದರು. ಮಾಸ್ತರು ಮುಖ ಇಳಿಬಿಟ್ಟು, "ಹೋಗ್ಲಿ ಬಿಡು ತಂಗಿ, ಮಷೀನ್ ಹೇಳತೈತಿ, ನಾವೇನ ಮಾಡೂಣು" ಅಂದರು. ನಾನು ಅತ್ತೆ. ಅವಮಾನಕ್ಕೆ ಅತ್ತೆ. ನನ್ನ ಕಾಲು ಸುಳ್ಳು ಹೇಳಿತು ಎಂದು ನಾನೂ ನಂಬಿಬಿಟ್ಟಿದ್ದೆ.

ಅವ್ವ ಚೀಲ ಎತ್ತಿಕೊಂಡು "ನಡಿಯೇ, ಬಸ್ಸು ತಪ್ತು" ಎಂದು ಕೈ ಹಿಡಿದು ಎಳೆಯುತ್ತಿದ್ದಳು. ಅಷ್ಟರಲ್ಲಿ ಸಿದ್ದಾಪುರದ ಹುಡುಗನೊಬ್ಬನ ಸರದಿ. ಅವನು ಮೊಣಕಾಲಿಗೆ ಹಾಕುವ ಉದ್ದ ಕರಿ ಬಟ್ಟೆಯ ಕವಚವನ್ನು ತೊಡೆಯವರೆಗೂ ಎಳೆದುಕೊಂಡಿದ್ದ. ಯಂತ್ರದವರು ನೋಡದೆ ಅದರ ಮೇಲೇ ಪಟ್ಟಿ ಅಂಟಿಸಿದ್ದರು. ಅವನದೂ ಗೆರೆ ಸಪಾಟು. ಯಂತ್ರದವರು ಹಣೆ ಚಚ್ಚಿಕೊಂಡು, "ಏನಪ್ಪಾ, ಕರಿ ಬಟ್ಟೆ ಮೇಲೆ ಹಾಕಿದ್ರೆ ಬೆಳಕು ಒಳಗೆ ಹೋಗುತ್ತಾ? ಕೆಳಗೆ ಇಳ್ಸು ಅದನ್ನ" ಎಂದು ಗದರಿದರು. ಹುಡುಗ ಕವಚ ಕೆಳಗೆ ಸರಿಸಿದ. ಮತ್ತೆ ಅಂಟಿಸಿದರು. ಗೆರೆ ಘಾಟಿ ಇಳಿಯತೊಡಗಿತು.

ನಾನು ಅಲ್ಲೇ ನಿಂತೆ. ಅಳು ನಿಂತುಹೋಯಿತು. ಅವನಿಗೆ ಗದರಿದರು! ಅವನಿಗೆ ಒಂದೇ ಮಾತಿನಲ್ಲಿ ಗದರಿ ಸರಿಮಾಡಿದರು, ನನಗೆ ನಕ್ಕು ಅಡ್ಜಸ್ಟ್ ಮಾಡಿಕೊಂಡರು. ಆ ಕ್ಷಣ ನನಗೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

"ಸರ್, ನಂದೂ ಬಟ್ಟೆ ಮೇಲೇ ಇತ್ತಲ್ಲ!" ಎಂದು ಕೂಗಿದೆ. "ನಂಗೆ ಇನ್ನೊಂದ್ಸಲ ಮಾಡಿ!"

ಎಲ್ಲರೂ ತಿರುಗಿದರು. ಯಂತ್ರದವರ ಮುಖ ಕೆಂಪಾಯಿತು. "ಹೌದಮ್ಮಾ, ಅದು... ನಿಮ್ಮ ಸರ್ ಒಪ್ಪಿದ್ರೆ" ಅಂದರು. ಮಾಸ್ತರು "ಬ್ಯಾಡ ತಂಗಿ, ಮುಂದಿನ ವರ್ಷ ನೋಡೂಣು" ಅಂದರು. ಮುಂದಿನ ವರ್ಷ ನಾನು ಕಾಲೇಜಿನಲ್ಲೇ ಇರುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲವೇ? ಅವ್ವ ನನ್ನ ತೋಳು ಚಿವುಟಿ "ಸುಮ್ನಿರೆ, ಎಂತ ಗಂಡುಬೀರಿ ಹಂಗೆ" ಎಂದು ಪಿಸುಗುಟ್ಟಿದಳು. ನಾನು ಪ್ಯಾಂಟು ಮಡಚಿ ಮೇಲೆಳೆದೆ. ಮೊಣಕಾಲು ದಾಟಿ ಬರಲೇ ಇಲ್ಲ. ನನ್ನ ತೊಡೆ ಅಷ್ಟು ದಪ್ಪವಿತ್ತು.

ಅವ್ವನ ಕೈಯಿಂದ ಚೀಲ ಕಿತ್ತುಕೊಂಡು ಗೋದಾಮಿನ ಹಿಂದಿನ ಕೋಣೆಗೆ ಹೋದೆ. ಕೆಸರಿನ ಕಲೆ ಹೋಗದ ನನ್ನ ನಟ್ಟಿಯ ಸೀರೆ ಉಟ್ಟೆ. ಗದ್ದೆಗೆ ಇಳಿಯುವಾಗ ನಮ್ಮ ಕೇರಿಯ ಹೆಂಗಸರು ಹೇಗೆ ಕಟ್ಟುತ್ತಾರೋ ಹಾಗೇ, ಎತ್ತಿ ತೊಡೆಯ ಅರ್ಧಕ್ಕೆ ತಂದು ಕಾಲ ಸಂದಿನಿಂದ ಹಿಂದಕ್ಕೆ ಸಿಕ್ಕಿಸಿ ಬಿಗಿದೆ. ಇದರಲ್ಲಿ ಹೊಸದೇನು? ಇದೇ ವೇಷದಲ್ಲಿ ಮಳೆಗಾಲಪೂರ್ತಿ ಸಾಲಾಗಿ ಬಗ್ಗಿ ನಿಲ್ಲುತ್ತೇವೆ. ರಸ್ತೆಯಲ್ಲಿ ಬಸ್ಸು ಹೋಗುತ್ತದೆ, ಲಾರಿ ಹೋಗುತ್ತದೆ, ಒಡೆಯರು ಕೊಡೆ ಹಿಡಿದು ಬದುವಿನ ಮೇಲೆ ನಿಂತು ಎಲೆ ಜಗಿಯುತ್ತಾರೆ. ಯಾರ ಮರ್ಯಾದೆಯೂ ಹೋದದ್ದನ್ನು ನಾನು ಕಂಡಿಲ್ಲ.

ಹೊರಗೆ ಬಂದು ಹಲಗೆಯ ಮೇಲೆ ನಿಂತೆ. "ತೊಡೆ ಇಲ್ಲಿದೆ. ಹಚ್ಚಿ" ಅಂದೆ.

ಹುಡುಗರು ತಲೆ ತಗ್ಗಿಸಿದರು. ಮಾಸ್ತರು ಗೋಡೆಗೆ ಮುಖ ಮಾಡಿದರು. ಯಂತ್ರದವರು, ಅವರಿಗೂ ನಾಚಿಕೆಯಾಗಿತ್ತೋ ಏನೋ, ಬಂದು ಪಟ್ಟಿ ಅಂಟಿಸಿದರು, ಕರಿ ಬಟ್ಟೆ ಸುತ್ತಿದರು. ನಾನು ಅದೇ ಭಾರ ಎತ್ತಿದೆ, ಒಮ್ಮೆ ದಣಿದ ಕಾಲಿನಿಂದಲೇ. ಪರದೆಯನ್ನು ಈ ಸಲ ಕಣ್ಣೆದುರಿಗೇ ಇಟ್ಟಿದ್ದರು. ನಾನು ಕೂತಂತೆ ಗೆರೆ ಕುಸಿಯಿತು, ಕುಸಿಯುತ್ತಲೇ ಹೋಯಿತು, ಆ ದಿನ ಯಾವ ಹುಡುಗನದೂ ಇಳಿಯದಷ್ಟು ಕೆಳಕ್ಕೆ. ಬಾರ್ ಇಟ್ಟು ಉಸಿರು ಬಿಡುತ್ತಿದ್ದಂತೆ ಸರಸರನೆ ಹತ್ತಿ ಮೊದಲಿದ್ದ ಜಾಗ ಮುಟ್ಟಿತು. ನಾನು ಅದನ್ನು ನೋಡುತ್ತ ನಿಂತೆ. ನನ್ನ ಕಾಲು ಸುಳ್ಳು ಹೇಳಿರಲಿಲ್ಲ.

"ತುಂಬಾ ಚೆನ್ನಾಗಿದೆ" ಎಂದು ಯಂತ್ರದವರು ಅಧ್ಯಕ್ಷರಿಗೆ ಹೇಳಿದರು. "ಇವತ್ತು ನೋಡಿದ್ರಲ್ಲಿ ಇದೇ ಬೆಸ್ಟ್ ಸರ್."

ಅಧ್ಯಕ್ಷರು ಪರದೆ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. ಅಂಗಳದ ಮಳೆ ನೋಡುತ್ತ, ಪಕ್ಕದವರಿಗೆ ಮನೆಮಾತಿನಲ್ಲಿ ಹೇಳಿದರು. "ಆನು ಮಷಿನ್ನು ಸುಳ್ಳು ಅಂತ ಹೇಳ್ತ್ನಿಲ್ಲೆ. ಆದ್ರೆ ನಾಲ್ಕು ಜನ ಗಂಡಸರ ಎದುರು ಹಿಂಗೆ ಬಂದು ನಿಂತ ಹೆಣ್ಣು ಕೂಸನ್ನ ದೂರದ ಹಾಸ್ಟೆಲಿಗೆ ಕಳ್ಸದು ಹೆಂಗೆ? ನಾಳೆ ಊರ ಹೆಸರು ಎಂತಾಗ್ತು?" ಆಮೇಲೆ ನಮಗೆ ಕೇಳುವಂತೆ, "ಬೇಜಾರು ಮಾಡ್ಕಬೇಡ ತಂಗಿ, ನಿನ್ನ ಒಳ್ಳೇದಕ್ಕೇ" ಅಂದರು. ಮಾಸ್ತರು ಬಾರಿನಿಂದ ಪ್ಲೇಟು ಬಿಚ್ಚತೊಡಗಿದರು. ಯಂತ್ರದವರು ವಯರು ಸುತ್ತತೊಡಗಿದರು.

ಹುಡುಗಿಯರ ಆ ಸೀಟು ಆ ವರ್ಷ ಖಾಲಿ ಉಳಿಯಿತು. ಬೇರೆ ಯಾರಿಗಾದರೂ ಕೊಟ್ಟಿದ್ದರೆ ನಾನು ಹೊಟ್ಟೆ ಉರಿದುಕೊಂಡು ಸುಮ್ಮನಾಗುತ್ತಿದ್ದೆ. ಯಾರಿಗೂ ಕೊಡಲಿಲ್ಲ. ಆ ಹಾಸ್ಟೆಲಿನಲ್ಲಿ ನನ್ನ ಹೆಸರಿನ ಒಂದು ಮಂಚ ಖಾಲಿ ಬಿದ್ದಿತ್ತು ಎಂದು ನೆನೆದರೆ ಈಗಲೂ ನನಗೆ ತಲೆ ಕೆಡುತ್ತದೆ. ಇಂದಿಗೂ ನನ್ನ ಹುಡುಗಿಯರು ಪದಕ ತಂದು ಕೊರಳಿಗೆ ಹಾಕಿದಾಗ ಖುಷಿಯಾಗುತ್ತದೆ, ಸುಳ್ಳಲ್ಲ. ಆದರೆ ನಾನೇ ಎತ್ತಬೇಕಾಗಿದ್ದ ಭಾರವನ್ನು ಅವರು ಎತ್ತಿದರೆ ನನ್ನ ಲೆಕ್ಕ ಚುಕ್ತಾ ಆಗುವುದಿಲ್ಲ. ಬಾರ್ ಹಿಡಿಯುವುದಕ್ಕೆ ನಾನು ಮತ್ತೆ ಎಷ್ಟೋ ವರ್ಷ ಕಾಯಬೇಕಾಯಿತು, ಆ ಹೊತ್ತಿಗೆ ಎತ್ತುವ ವಯಸ್ಸು ಹೋಗಿ ಕಲಿಸುವ ವಯಸ್ಸು ಬಂದಿತ್ತು.

ಬಸ್ಸಿನಲ್ಲಿ ನಾನು ಅವ್ವನ ಮೇಲೆ ಹರಿಹಾಯ್ದೆ. ಸುತ್ತ ಜನ ಇದ್ದಾರೆ ಎಂದು ನೋಡಲಿಲ್ಲ. "ನೀನೂ ಅಂದ್ಯಲ್ಲ, ಬಟ್ಟೆ ಮೇಲೇ ಇರ್ಲಿ, ಬಟ್ಟೆ ಮೇಲೇ ಇರ್ಲಿ ಅಂತ! ಗದ್ದೆಲಿ ನಂಗೆ ಸೀರೆ ಎತ್ತಿ ಕಟ್ಟೋದನ್ನ ಕಲ್ಸಿದ್ದು ಯಾರು? ನೀನಲ್ವಾ? ಅಲ್ಲಿ ಆಗ್ತದೆ, ಇಲ್ಲಿ ಆಗೂದಿಲ್ವಾ?"

ಅವ್ವ ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಕಿಟಕಿಯ ಕಡೆ ಮುಖ ಮಾಡಿದ್ದಳು. "ನಂಗೆ ಎಂತ ಗೊತ್ತಿತ್ತೇ ಮಾರಾಯ್ತಿ" ಅಂದಳು, ಒಂದೇ ಸಲ. ಆ ದಿನ ಗದ್ದೆಗೂ ಹೋಗಲಿಲ್ಲ. ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ನಾನು ಊಟ ಮಾಡಲಿಲ್ಲ, ಅವಳೂ ಮಾಡು ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಎಬ್ಬಿಸಿದಳು. ಒಡೆಯರ ಗದ್ದೆಯ ನಟ್ಟಿ ಇನ್ನೂ ಉಳಿದಿತ್ತು. ನಾನು ಬರುವುದಿಲ್ಲ, ಸತ್ತರೂ ಆ ಗದ್ದೆಗೆ ಕಾಲಿಡುವುದಿಲ್ಲ ಅಂದೆ. "ಬಾ" ಅಂದಳು. "ಇವತ್ತು ಒಂದಿನ ಬಾ." ಅವಳ ದನಿ ಬೇರೆಯೇ ಇತ್ತು. ಹೋದೆ.

ಹೆಂಗಸರೆಲ್ಲ ಬಂದು ನಿಂತಿದ್ದರು. ಸುದ್ದಿ ನಮಗಿಂತ ಮೊದಲೇ ಬಸ್ಸು ಇಳಿದಿತ್ತು, ಎಲ್ಲರಿಗೂ ಎಲ್ಲ ಗೊತ್ತಿತ್ತು. ಸಸಿಯ ಕಟ್ಟುಗಳು ನೀರಿನಲ್ಲಿ ಅಲ್ಲಲ್ಲಿ ಬಿದ್ದಿದ್ದವು. ಸಣ್ಣಗೆ ಮಳೆ. ಅವ್ವ ಬದುವಿನ ಮೇಲೆ ನಿಂತು, ಎತ್ತಿ ಕಟ್ಟಿದ್ದ ತನ್ನ ಸೀರೆಯನ್ನು ಬಿಚ್ಚಿದಳು. ನೆರಿಗೆಯನ್ನು ಪಾದದವರೆಗೆ ಇಳಿಬಿಟ್ಟಳು, ಮದುವೆ ಮನೆಗೆ ಹೊರಟವಳ ಹಾಗೆ. ಹಾಗೇ ಕೆಸರಿಗೆ ಇಳಿದಳು. ಪಕ್ಕದ ಮನೆಯ ದೊಡ್ಡಮ್ಮ ಒಂದು ಕ್ಷಣ ಅವ್ವನ ಮುಖ ನೋಡಿದಳು. ಆಮೇಲೆ ಅವಳೂ ಇಳಿಬಿಟ್ಟಳು. ಒಬ್ಬೊಬ್ಬರಾಗಿ ಸಾಲಿಗೆ ಸಾಲೇ ಇಳಿಬಿಟ್ಟಿತು. ಯಾರೂ ಯಾರಿಗೂ ಹೇಳಲಿಲ್ಲ.

ಹಾಗೆ ನಟ್ಟಿ ಮಾಡಲು ಆಗುತ್ತದೆಯೇ? ಸೀರೆ ಕೆಸರು ಕುಡಿದು ಕಲ್ಲಿನ ಭಾರವಾಯಿತು. ಹೆಜ್ಜೆ ಕಿತ್ತರೆ ಸೀರೆ ಬರುವುದಿಲ್ಲ, ಸೀರೆ ಎಳೆದರೆ ನೆಟ್ಟ ಸಸಿ ಕಿತ್ತು ಬರುತ್ತದೆ. ಒಂದು ಸಾಲು ನೆಡುವಷ್ಟರಲ್ಲಿ ಹಿಂದಿನ ಸಾಲು ತೇಲುತ್ತಿತ್ತು. ಒಬ್ಬಳು ಜಾರಿ ಬಿದ್ದಳು, ಎಬ್ಬಿಸಲು ಹೋದವಳೂ ಬಿದ್ದಳು, ನಗು. ನಾನು ನಗಲಿಲ್ಲ.

ಒಡೆಯರು ಕೊಡೆ ಹಿಡಿದು ಬಂದರು. ಬದುವಿನ ಮೇಲೆ ನಿಂತು ನೋಡಿದರು. ಜಗಿಯುವುದು ನಿಂತಿತು.

"ಇದೆಂತದೇ ಇದು? ಹಿಂಗೆ ಮಾಡಿದ್ರೆ ಈ ಗದ್ದೆ ದೀಪಾವಳಿಗೂ ಮುಗೀತಿಲ್ಲೆ. ಸಸಿ ಎಲ್ಲ ಹಾಳಾಗೋತು."

ಯಾರೂ ತಲೆ ಎತ್ತಲಿಲ್ಲ. ಅವ್ವ ಒಂದು ಸಸಿ ನೆಟ್ಟು, ಸೊಂಟ ಎತ್ತಿ ನೆಟ್ಟಗೆ ನಿಂತಳು. ಕೆಸರುಗೈಯಿಂದ ಸೆರಗು ಸರಿಮಾಡಿಕೊಂಡಳು. ಜನ್ಮದಲ್ಲಿ ಒಮ್ಮೆಯೂ ಅವರ ಮುಖಕ್ಕೆ ಮುಖ ಕೊಟ್ಟು ಮಾತಾಡಿದವಳಲ್ಲ.

"ಎಂತ ಮಾಡೂದು ಒಡೆಯಾ," ಅಂದಳು, "ಊರ ಹೆಸರು ಹಾಳಾಗ್ತದಲ್ಲ."

ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಛೆ ಛೆ, ಅದೇ ಬೇರೆ, ಇದೇ ಬೇರೆ. ಎತ್ತಿ ಕಟ್ಟಿ ಮಾರಾಯ್ರೇ, ಎತ್ತಿ ಕಟ್ಟಿ."

"ಎಲ್ಲೀವರೆಗೆ ಎತ್ತಬೇಕು ಒಡೆಯಾ?" ಅಂದಳು ಅವ್ವ. "ನಮಗೆ ತಿಳಿಯೂದಿಲ್ಲ. ಬಾಯ್ಬಿಟ್ಟು ಹೇಳಿ, ಅಷ್ಟೇ ಎತ್ತಿ ಕಟ್ತೇವೆ. ನನ್ನ ಮಗಳೂ ಇಲ್ಲೇ ಇದ್ದಾಳೆ. ಅವ್ಳಿಗೂ ಕೇಳ್ಲಿ."

ಸಾಲಿಗೆ ಸಾಲೇ ತಲೆ ಎತ್ತಿ ಅವರನ್ನು ನೋಡಿತು. ಅವರು ಬಾಯಿ ತೆರೆದರು. "ಮೊಣಕಾಲಿಂದ..." ಅಂದರು, ಕೆಮ್ಮಿದರು. ಇನ್ನೊಮ್ಮೆ ತೆರೆದರು. ಆ ಒಂದು ಶಬ್ದ ಬರಲೇ ಇಲ್ಲ. ಕೊಡೆ ತಗ್ಗಿಸಿ ಮುಖ ಮುಚ್ಚಿಕೊಂಡು, ಬದುವಿನ ಮೇಲೆ ಬಂದ ದಾರಿಯಲ್ಲೇ ತೋಟದ ಕಡೆ ನಡೆದರು.

ಅವ್ವ ಮತ್ತೆ ಬಗ್ಗಿದಳು. ಆ ದಿನ ಅರ್ಧ ಗದ್ದೆಯೂ ಮುಗಿಯಲಿಲ್ಲ.